ಗಂಟೆ ಹೊಡೆದಾಗ ಕೂತದ್ದು, ಗಂಟೆ ಹೊಡೆದಾಗ ಎದ್ದದ್ದು

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಹಾಗಾಗಿ ನಮ್ಮೂರಿನವರು ಕಾಲವನ್ನು ಲೆಕ್ಕ ಹಾಕುವುದೂ ಹಾಗೆಯೇ. ಮಗಳು ಆ ಜಾತ್ರೆ ಹೊತ್ತಿಗೆ ಎಷ್ಟನೇ ಕ್ಲಾಸು, ಈ ಮನೆಗೆ ಸುಣ್ಣ ಬಳಿದದ್ದು ಯಾವ ಜಾತ್ರೆಗೆ, ಹೀಗೆ. ನನ್ನ ನೋವಿನ ಲೆಕ್ಕವೂ ಎರಡು ಜಾತ್ರೆಗಳ ನಡುವೆ ಬರುತ್ತದೆ. 2020ರ ಜಾತ್ರೆ ಒಂದು, 2023ರದ್ದು ಇನ್ನೊಂದು.

2020ರ ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ನೆಂಟರು. ಅಷ್ಟು ಹೊತ್ತಿಗಾಗಲೇ ಎರಡು ವರ್ಷದಿಂದ ನನಗೆ ಮೈಯೆಲ್ಲ ನೋವು. ಕುತ್ತಿಗೆಯಲ್ಲಿ ಶುರುವಾದದ್ದು ಭುಜಕ್ಕೆ ಇಳಿದು, ಅಲ್ಲಿಂದ ಸೊಂಟ, ತೊಡೆ, ಅಂಗೈ. ಬೆಳಿಗ್ಗೆ ಎದ್ದರೆ ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿ ಹಾಕಿದ ಹಾಗೆ. ಆದರೂ ಜಾತ್ರೆಗೆ ಎರಡು ದಿನ ಮುಂಚೆ ಅಟ್ಟ ಗುಡಿಸಿದೆ, ಹಾಸಿಗೆ ಹೊದಿಕೆಗಳನ್ನೆಲ್ಲ ಕಲ್ಲಿನ ಮೇಲೆ ಒಗೆದೆ, ಒಂದೇ ಪಟ್ಟಿಗೆ ಕೂತು ಚಕ್ಕುಲಿ ಸುತ್ತಿದೆ. ಮಾಡುವಾಗ ಏನೂ ಅನ್ನಿಸಲಿಲ್ಲ. ನಿಜವಾಗಿ ಹೇಳಬೇಕೆಂದರೆ ಖುಷಿಯೇ ಆಗಿತ್ತು, ಮೊದಲಿನ ಹಾಗೆ ಕೆಲಸ ಮಾಡಬಲ್ಲೆ ಅಂತ. ಮಾರಮ್ಮನನ್ನು ತವರುಮನೆಯಿಂದ ಗಂಡನ ಮನೆ ಗುಡಿಗೆ ಕರೆತರುವ ರಾತ್ರಿ ಎಲ್ಲರ ಜೊತೆ ನಿಂತೇ ಇದ್ದೆ. ಮೂರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡಲು ಆಗಲಿಲ್ಲ. ಉಳಿದ ಜಾತ್ರೆಯನ್ನು ಒಳಕೋಣೆಯಲ್ಲಿ ಮಲಗಿಕೊಂಡು ಧ್ವನಿವರ್ಧಕದ ಸದ್ದಿನಲ್ಲಿ ಕೇಳಿದೆ. ಎರಡು ವಾರ ಶಾಲೆಗೆ ರಜೆ ಹಾಕಿದೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು.

ಆ ಎರಡು ವಾರ ಮುಗಿಯುವ ಹೊತ್ತಿಗೆ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಎಲ್ಲರೂ ಹೇಳಿದರು, ಈಗ ಆರಾಮಾಗಿ ರೆಸ್ಟ್ ತಗೋ, ದೇವರೇ ಕೊಟ್ಟ ರಜೆ ಇದು, ನೋವೆಲ್ಲ ಹೋಗುತ್ತದೆ. ನಾನೂ ನಂಬಿದೆ. ಅದಕ್ಕೂ ಮೊದಲು ಒಬ್ಬ ವೈದ್ಯರು ಮೂರು ವಾರ ಅಲುಗಾಡದೆ ಮಲಗಿ ಅಂತ ಬರೆದುಕೊಟ್ಟಿದ್ದೂ ತಲೆಯಲ್ಲಿತ್ತು. ಎರಡೂವರೆ ತಿಂಗಳು ಆದಷ್ಟು ಮಲಗಿದೆ. ಅಡುಗೆ ಅತ್ತೆ ನೋಡಿಕೊಂಡರು, ಬಟ್ಟೆ ಮಗಳು ನೋಡಿಕೊಂಡಳು. ಜೂನ್ ಹೊತ್ತಿಗೆ ಬಾವಿಕಟ್ಟೆಯಿಂದ ಅಡುಗೆಮನೆಗೆ ಒಂದು ಕೊಡ ತರುವಷ್ಟೂ ಶಕ್ತಿ ಇರಲಿಲ್ಲ. ಮೊದಲು ಇಪ್ಪತ್ತು ನಿಮಿಷ ನಡೆದರೆ ಬರುತ್ತಿದ್ದ ನೋವು ಈಗ ಅಂಗಳ ದಾಟುವುದರೊಳಗೆ ಬರುತ್ತಿತ್ತು. ಕೆಲಸ ಮಾಡಿದರೂ ನೋವು, ಮಲಗಿದರೂ ನೋವು ಎಂದಾಗ ಮನುಷ್ಯನಿಗೆ ಹುಟ್ಟುವ ದಿಗಿಲು ಇದೆಯಲ್ಲ, ಅದು ನೋವಿಗಿಂತ ದೊಡ್ಡದು. ಆಗ ನಾನು ರಾತ್ರಿ ಅಳುತ್ತಿದ್ದದ್ದು ಕಾಲು ನೋಯುತ್ತಿದೆ ಅಂತಲ್ಲ, ಯಾವ ಕಡೆಗೆ ತಿರುಗಿದರೂ ಬಾಗಿಲಿಲ್ಲವಲ್ಲ ಅಂತ.

ಪರೀಕ್ಷೆಗಳ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಈ ದಾರಿ ಹಿಡಿದವರೆಲ್ಲರದ್ದೂ ಒಂದೇ ಕಥೆ. ಉರಿಯೂತ, ಸಂಧಿವಾತ ಇದೆಯೇ ಎಂದು ನೋಡುವ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆಗಳು, ಥೈರಾಯ್ಡ್, ಎಕ್ಸ್‌ರೇ, ಎಂಆರ್‌ಐ. ಎಲ್ಲ ಸರಿ ಇತ್ತು. ವಿಟಮಿನ್ ಡಿ ಮಾತ್ರ ಕಡಿಮೆ. ವಾರಕ್ಕೊಂದು ಅರವತ್ತು ಸಾವಿರ ಯೂನಿಟ್‌ನ ಮಾತ್ರೆ, ಎಂಟು ವಾರ ನುಂಗಿದೆ. ವಿಟಮಿನ್ ಏರಿತು, ನೋವು ಇಳಿಯಲಿಲ್ಲ. “ನಿಮಗೆ ಏನೂ ಇಲ್ಲ” ಎಂಬ ಮಾತನ್ನು ಮೂರು ಕಡೆ ಕೇಳಿದೆ. ಕಾಯಿಲೆ ಇದೆ ಎಂದಾಗ ಹೆದರುವುದು ಗೊತ್ತಿತ್ತು. ಏನೂ ಇಲ್ಲ ಎಂದಾಗ ಇಷ್ಟು ಅವಮಾನವಾಗುತ್ತದೆ ಎಂಬುದು ಗೊತ್ತಿರಲಿಲ್ಲ.

2021ರ ಅಕ್ಟೋಬರಿನಲ್ಲಿ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಸಂಧಿವಾತ ತಜ್ಞರೊಬ್ಬರು ಮನುಷ್ಯನ ದೇಹದ ಚಿತ್ರವಿರುವ ಹಾಳೆ ಕೊಟ್ಟು, ಹಿಂದಿನ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತೋ ಅಲ್ಲಿ ಗುರುತು ಹಾಕಿ ಎಂದರು. ಹತ್ತೊಂಬತ್ತು ಜಾಗಗಳಲ್ಲಿ ಹದಿಮೂರಕ್ಕೆ ಗುರುತು ಹಾಕಿದೆ. ನಿದ್ದೆ ಮಾಡಿ ಎದ್ದರೂ ದಣಿವು ಹೋಗುವುದಿಲ್ಲವೇ, ಮಾತಿನ ನಡುವೆ ಪದ ಮರೆಯುತ್ತದೆಯೇ ಎಂದು ಕೇಳಿದರು. ಪದ ಮರೆಯುವುದು! ನಲವತ್ತು ಮಕ್ಕಳ ಎದುರು ‘ಉತ್ಪ್ರೇಕ್ಷೆ’ ಎಂಬ ಪದ ಬಾಯಿಗೆ ಬರದೆ ನಿಂತ ದಿನ ನೆನಪಾಗಿ ಕಣ್ಣು ತುಂಬಿತು. ಅದನ್ನೂ ಕಾಯಿಲೆಯ ಲೆಕ್ಕದಲ್ಲಿ ಕೇಳುವವರು ಇದ್ದಾರೆಂದು ಆವತ್ತಿನವರೆಗೆ ಗೊತ್ತಿರಲಿಲ್ಲ. ಇದಕ್ಕೆ ಫೈಬ್ರೊಮಯಾಲ್ಜಿಯಾ ಎನ್ನುತ್ತಾರೆ ಎಂದರು. 1990ರ ನಿಯಮದ ಪ್ರಕಾರ ಮೈಮೇಲಿನ ಹದಿನೆಂಟು ಜಾಗಗಳನ್ನು ಒತ್ತಿ, ಹನ್ನೊಂದರಲ್ಲಾದರೂ ನೋವು ಇದ್ದರೆ ಈ ಹೆಸರು ಕೊಡುತ್ತಿದ್ದರಂತೆ. 2010ರಲ್ಲಿ ನಿಯಮ ಬದಲಾದ ಮೇಲೆ ಹೀಗೆ ಹಾಳೆಯ ಮೇಲೆ ಗುರುತು ಹಾಕಿಸಿ, ದಣಿವು, ನಿದ್ದೆ, ನೆನಪು ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಕೀಲು ಸವೆದಿಲ್ಲ, ನರ ಕತ್ತರಿಸಿಲ್ಲ, ಆದರೆ ನೋವಿನ ಸುದ್ದಿಯನ್ನು ಸಾಗಿಸುವ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿಬಿಟ್ಟಿದೆ ಎಂದು ಅವರು ವಿವರಿಸಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಊರಮನೆಯ ನಾಯಿ. ಒಂದು ಮಳೆಗಾಲದಲ್ಲಿ ಚಿರತೆ ಅಂಗಳದವರೆಗೆ ಬಂದು ಹೋಯಿತು. ಆಮೇಲೆ ಆ ನಾಯಿ ಅಡಿಕೆ ಹಾಳೆ ಬಿದ್ದರೂ ಬೊಗಳುತ್ತಿತ್ತು, ಹಾಲು ತರುವವನಿಗೂ ಬೊಗಳುತ್ತಿತ್ತು. ನಾಯಿ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೆ ನಿಜವಾಗಿಯೂ ಚಿರತೆಯೇ ಬಂದಂತೆ ಕೇಳಿಸುತ್ತಿತ್ತು. ನನ್ನ ಮೈಯೂ ಹಾಗೆಯೇ ಅನ್ನಿಸಿತು. ನೋವು ನಿಜ, ಅಪಾಯ ಮಾತ್ರ ಪ್ರತಿಸಲವೂ ನಿಜವಲ್ಲ. ಇದು ಅರ್ಥವಾದ ದಿನ ಅರ್ಧ ಭಯ ಹೋಯಿತು. ನಡೆದರೆ ಒಳಗೆ ಏನೋ ಹರಿಯುತ್ತದೆ, ಸವೆಯುತ್ತದೆ ಎಂದುಕೊಂಡೇ ನಾನು ಅಷ್ಟು ದಿನ ಮಲಗಿದ್ದು.

ರಾತ್ರಿಗೆ ಅಮಿಟ್ರಿಪ್ಟಿಲಿನ್ ಹತ್ತು ಮಿಲಿಗ್ರಾಂ ಕೊಟ್ಟರು. ಸಾಮಾನ್ಯ ನೋವಿನ ಮಾತ್ರೆಗಳಿಂದ ಇದಕ್ಕೆ ಹೆಚ್ಚೇನೂ ಉಪಯೋಗವಿಲ್ಲ, ಸುಮ್ಮನೆ ಹೊಟ್ಟೆ ಕೆಡಿಸಿಕೊಳ್ಳಬೇಡಿ ಎಂದರು. ಮಾತ್ರೆ ನಿದ್ದೆಗೆ ಸ್ವಲ್ಪ ಸಹಾಯ ಮಾಡಿತು. ಅವರೇ ಹೇಳಿದಂತೆ ಮುಖ್ಯವಾದ ಮದ್ದು ಬೇರೆ ಇತ್ತು: ಚಲನೆ. 2016ರಲ್ಲಿ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಈ ಕಾಯಿಲೆಗೆ ಇರುವ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ ‘ಬಲವಾಗಿ’ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಉಳಿದ ಮಾತ್ರೆಗಳು, ಚಿಕಿತ್ಸೆಗಳೆಲ್ಲ ಅದಕ್ಕಿಂತ ಕೆಳಗಿನ ಮಟ್ಟದಲ್ಲಿದ್ದವು. ಕೇಳಿದಾಗ ನನಗೆ ಸಿಟ್ಟೇ ಬಂತು. ಕೊಡ ಎತ್ತಲಾಗದವಳಿಗೆ ವ್ಯಾಯಾಮವೇ?

ಆ ಸಿಟ್ಟನ್ನು ಇಳಿಸಿದ್ದು ಶಿವಮೊಗ್ಗದ ಒಬ್ಬಳು ಫಿಸಿಯೋಥೆರಪಿಸ್ಟ್. ನನ್ನ ವಿದ್ಯಾರ್ಥಿನಿಯರಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು ಅಷ್ಟೇ. ನನ್ನ ಕಥೆಯನ್ನೆಲ್ಲ ಕೇಳಿ, ಜಾತ್ರೆಯ ಕಥೆಯನ್ನೂ ಕೇಳಿ, ಒಂದು ಪ್ರಶ್ನೆ ಕೇಳಿದಳು.

“ಟೀಚರ್, ಪಾಠ ಎಷ್ಟೇ ರಂಗೇರಿರಲಿ, ಗಂಟೆ ಹೊಡೆದ ಮೇಲೆ ಏನು ಮಾಡ್ತೀರಿ?”

“ನಿಲ್ಲಿಸ್ತೀನಿ. ಮುಂದಿನ ಪೀರಿಯಡ್‌ನವರು ಬಾಗಿಲಲ್ಲಿ ಕಾಯ್ತಿರ್ತಾರೆ.”

“ಪಾಠ ಮಾಡೋಕೆ ಮನಸ್ಸೇ ಇಲ್ಲ ಅಂದ ದಿನ?”

“ಗಂಟೆ ಹೊಡೆದ ಮೇಲೆ ಹೋಗಲೇಬೇಕಲ್ಲ.”

“ಮನೆಯಲ್ಲಿ ನಿಮಗೆ ಗಂಟೆ ಹೊಡೀತಾ ಇರೋದು ಯಾರು? ನೋವು. ನೋವು ಬರೋ ತನಕ ಕೆಲಸ, ನೋವು ಹೋಗೋ ತನಕ ಮಲಗೋದು. ಆ ಹಗ್ಗ ನೋವಿನ ಕೈಯಿಂದ ಕಿತ್ತುಕೊಂಡು ಗಡಿಯಾರದ ಕೈಗೆ ಕೊಡಿ.”

ನಾನು ಇಲ್ಲಿಯವರೆಗೆ ಓದಿದ, ಕೇಳಿದ ಎಲ್ಲ ಉಪದೇಶಗಳಲ್ಲಿ ಇದೊಂದೇ ನನ್ನ ಭಾಷೆಯಲ್ಲಿತ್ತು. ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಈ ವಿಚಾರ ಹಳೆಯದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ವಿಲ್ಬರ್ಟ್ ಫೋರ್ಡೈಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ಹೇಳಿದ್ದರು. ನೋವು ಬಂದಾಗ ವಿಶ್ರಾಂತಿ ಕೊಟ್ಟರೆ ವಿಶ್ರಾಂತಿ ನೋವಿಗೆ ಸಿಗುವ ಬಹುಮಾನವಾಗುತ್ತದೆ. ಮೊದಲೇ ಗೊತ್ತು ಮಾಡಿದಷ್ಟು ಕೆಲಸ ಮುಗಿದಾಗ ಕೊಟ್ಟರೆ ಅದು ಚಟುವಟಿಕೆಗೆ ಸಿಗುವ ಬಹುಮಾನವಾಗುತ್ತದೆ. ಹಾಸಿಗೆ ಹಿಡಿಸುವ ಚಿಕಿತ್ಸೆಯ ಕಾಲವೂ ಮುಗಿಯುತ್ತ ಬಂದದ್ದು ಹೆಚ್ಚುಕಡಿಮೆ ಆಮೇಲೆಯೇ. 1986ರಲ್ಲಿ ಟೆಕ್ಸಾಸ್‌ನಲ್ಲಿ ಬೆನ್ನುನೋವಿನವರಲ್ಲಿ ಒಂದು ಗುಂಪಿಗೆ ಏಳು ದಿನ, ಇನ್ನೊಂದಕ್ಕೆ ಎರಡೇ ದಿನ ಮಲಗಲು ಹೇಳಿ ನೋಡಿದರು. ಹೆಚ್ಚು ದಿನ ಮಲಗಿದವರಿಗೆ ಲಾಭವೇನೂ ಆಗಲಿಲ್ಲ, ಎರಡು ದಿನದವರೇ ಬೇಗ ಕೆಲಸಕ್ಕೆ ಹೋದರು. ಅದು ಬೆನ್ನುನೋವಿನ ಮಾತು, ನನ್ನದು ಬೇರೆ ಕಾಯಿಲೆ, ನಿಜ. ಆದರೂ ಅದನ್ನು ಓದುವಾಗ ನನಗೆ ಮೂರು ವಾರ ಮಲಗಿ ಎಂದು ಬರೆದ ಚೀಟಿ ನೆನಪಾಗಿ ಎದೆ ಭಾರವಾಯಿತು. ಅಷ್ಟು ಹಳೆಯ ತಿಳಿವಳಿಕೆ ನಮ್ಮೂರಿಗೆ ಬಂದು ತಲುಪಲು ಇಷ್ಟು ಕಾಲ ಬೇಕೇ?

ಶುರು ಮಾಡಿದ್ದು ಹೀಗೆ. ಐದು ದಿನ ಗಣಪತಿ ಕೆರೆಯ ದಂಡೆಯಲ್ಲಿ ನಡೆಯಬೇಕು, ನೋವು ಏರಲು ಶುರುವಾದ ನಿಮಿಷವನ್ನು ಬರೆದಿಡಬೇಕು. ನನ್ನ ಲೆಕ್ಕ 14, 6, 11, 5, 9. ಸರಾಸರಿ ಒಂಬತ್ತು ನಿಮಿಷ. ಅದರಲ್ಲಿ ಕಾಲುಭಾಗ ಕಳೆದು ಫಿಸಿಯೋಥೆರಪಿಸ್ಟ್ ಏಳು ನಿಮಿಷಕ್ಕೆ ನಿಲ್ಲಿಸಿದಳು. ನವೆಂಬರ್ ಮೊದಲ ವಾರ ಪೂರ್ತಿ ದಿನಕ್ಕೆ ಏಳೇ ನಿಮಿಷ. ಚೆನ್ನಾಗಿದ್ದ ದಿನವೂ ಏಳು, ಕೆಟ್ಟ ದಿನವೂ ಏಳು. ಮುಂದಿನ ವಾರ ಎಂಟು. ಮೈ ಒಪ್ಪದಿದ್ದರೆ ಅದೇ ಎಂಟರಲ್ಲಿ ಎರಡು ವಾರ. ಮಗಳು ನನ್ನ ಮೊಬೈಲಿನಲ್ಲಿ ಟೈಮರ್ ಇಟ್ಟುಕೊಟ್ಟಳು, ಶಾಲೆಯ ಗಂಟೆಯದ್ದೇ ಸದ್ದು ಹುಡುಕಿ ಹಾಕಿದಳು.

ಕೆಟ್ಟ ದಿನ ಏಳು ನಿಮಿಷ ನಡೆಯುವುದು ಕಷ್ಟ ಎಂದುಕೊಂಡಿದ್ದೆ. ಅದಕ್ಕಿಂತ ಕಷ್ಟವಾದದ್ದು ಒಳ್ಳೆಯ ದಿನ ಏಳಕ್ಕೆ ನಿಲ್ಲಿಸುವುದು. ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿದೆ ಅನ್ನಿಸಿದ ದಿನವೇ ನಾನು ಬಿಟ್ಟುಹೋದ ಕೆಲಸವನ್ನೆಲ್ಲ ಬಾಚಿಕೊಳ್ಳುತ್ತಿದ್ದೆ. ಡಿಸೆಂಬರಿನ ಒಂದು ಭಾನುವಾರ ಹಾಗೇ ಹಿತ್ತಿಲ ಗಿಡಗಳಿಗೆಲ್ಲ ಗೊಬ್ಬರ ಹಾಕಿ, ಮಣ್ಣು ಏರಿಸಿ, ಜೋಶಿನಲ್ಲಿ ಮೂರು ಗಂಟೆ ಕಳೆದೆ. ಸೋಮವಾರ ಏನಿಲ್ಲ. ಮಂಗಳವಾರ ಸಂಜೆ ನೋವು ಅಪ್ಪಳಿಸಿತು. ಹೀಗೆ ಒಂದೂವರೆ, ಎರಡು ದಿನ ತಡವಾಗಿ ಬರುವುದರಿಂದಲೇ ಯಾವುದರಿಂದ ಯಾವುದು ಬಂತೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾ ಬರೆಯಲು ಶುರು ಮಾಡಿದ ಮೇಲೆ ಹಾಳೆ ಹಾಳೆಯಲ್ಲೂ ಅದೇ ವಿನ್ಯಾಸ ಕಂಡಿತು. ಒಂದು ಒಳ್ಳೆಯ ದಿನ, ಮಧ್ಯೆ ಒಂದು ಮೋಸದ ದಿನ, ಆಮೇಲೆ ನಾಲ್ಕು ಕೆಟ್ಟ ದಿನ.

ಆದ್ದರಿಂದ ನಡಿಗೆಗಷ್ಟೇ ಅಲ್ಲ, ಎಲ್ಲ ಕೆಲಸಕ್ಕೂ ಗಂಟೆ ಇಟ್ಟೆವು. ಹೆರೆಮಣೆಯ ಮೇಲೆ ಕೂತರೆ ಒಂದು ಹೋಳು ಕಾಯಿ ತುರಿದು ಏಳುವುದು, ಇನ್ನೊಂದು ಹೋಳು ಸಾರು ಕುದಿಯಲಿಟ್ಟ ಮೇಲೆ. ಬಟ್ಟೆ ಹಿಂಡುವ ಕೆಲಸ ನನ್ನ ಮಣಿಕಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ನಮ್ಮ ಮನೆಯವರು ವಹಿಸಿಕೊಂಡರು. ಶಾಲೆಯಲ್ಲಿ ಕೈ ಭುಜಕ್ಕಿಂತ ಮೇಲೆತ್ತಿ ಬರೆಯುವುದನ್ನು ನಿಲ್ಲಿಸಿ ಬೋರ್ಡಿನ ಕೆಳ ಅರ್ಧವನ್ನೇ ಬಳಸಿದೆ. ಪದ್ಯವನ್ನು ಮಕ್ಕಳಿಂದಲೇ ಬರೆಸಿದೆ. ಹಾಜರಿ ಕೂತು ಕರೆದೆ. ಮುಖ್ಯೋಪಾಧ್ಯಾಯರಿಗೆ ಹೇಳಿ ಒಂದರ ಹಿಂದೆ ಒಂದು ಮೂರು ಪೀರಿಯಡ್ ಬಾರದಂತೆ ವೇಳಾಪಟ್ಟಿ ಬದಲಾಯಿಸಿಕೊಂಡೆ. ಕೇಳಲು ಎಷ್ಟು ಸಂಕೋಚಪಟ್ಟಿದ್ದೆ! ಅವರು ಎರಡು ನಿಮಿಷದಲ್ಲಿ ಮಾಡಿಕೊಟ್ಟರು. ಹೇಳದೆ ನುಂಗಿಕೊಂಡ ಮೂರು ವರ್ಷ ನೆನೆದು ಬೇಸರವಾಯಿತು.

ಇನ್ನು ವಿಶ್ರಾಂತಿ. ಇದರ ಬಗ್ಗೆ ಹೇಳಲಿಕ್ಕೆ ನನ್ನಲ್ಲಿ ಬಹಳ ಇದೆ, ಏಕೆಂದರೆ ಚಲನೆಯನ್ನು ಯಾರಾದರೂ ಕಲಿಸುತ್ತಾರೆ, ವಿಶ್ರಾಂತಿಯನ್ನು ಯಾರೂ ಕಲಿಸುವುದಿಲ್ಲ. ನಾನು ರೆಸ್ಟ್ ಎಂದುಕೊಂಡದ್ದು ಮಲಗಿ ಮೊಬೈಲ್ ನೋಡುವುದು, ಇಲ್ಲವೆಂದರೆ ಕಣ್ಣು ಮುಚ್ಚಿ ನಾಳೆಯ ಕೆಲಸಗಳ ಪಟ್ಟಿ ಮಾಡುವುದು. ಆ ಫಿಸಿಯೋಥೆರಪಿಸ್ಟ್ ಹುಡುಗಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ ಮಂಡಿಯ ಕೆಳಗೆ ದಿಂಬಿಟ್ಟು “ಈಗ ಹಲ್ಲು ಸಡಿಲ ಬಿಡಿ ಟೀಚರ್” ಎಂದಾಗಲೇ ಗೊತ್ತಾದದ್ದು, ನಾನು ಮಲಗಿದಾಗಲೂ ಹಲ್ಲು ಕಚ್ಚಿಕೊಂಡೇ ಇರುತ್ತೇನೆ ಎಂದು. ಭುಜ ಕಿವಿಯ ಹತ್ತಿರ, ಮುಷ್ಟಿ ಬಿಗಿ. ಒಂದೊಂದನ್ನೇ ಸಡಿಲಿಸಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತ ಹದಿನೈದರಿಂದ ಇಪ್ಪತ್ತು ನಿಮಿಷ. ಅಷ್ಟೇ. ಅದಕ್ಕೂ ಗಂಟೆ. ನೋವಿದ್ದರೂ ಗಂಟೆ ಹೊಡೆದಾಗ ಏಳಬೇಕು. ಹಗಲು ಒಂದು ಗಂಟೆ ನಿದ್ದೆ ಮಾಡಿದರೆ ರಾತ್ರಿಯ ನಿದ್ದೆ ಹಾಳು, ರಾತ್ರಿ ನಿದ್ದೆ ಹಾಳಾದರೆ ಮರುದಿನದ ನೋವು ಎರಡರಷ್ಟು.

ಈ ವಿಶ್ರಾಂತಿಯನ್ನು ದಣಿಯುವ ಮೊದಲೇ ತೆಗೆದುಕೊಳ್ಳಬೇಕು ಎಂಬುದು ಮನೆಯಲ್ಲಿ ಹೇಳಲು ಅತಿ ಕಷ್ಟದ ಮಾತು. ಜ್ವರ ಬಂದವಳು ಮಲಗಬಹುದು, ಬಾಣಂತಿ ಮಲಗಬಹುದು. ಬೆಳಿಗ್ಗೆ ಹನ್ನೊಂದು ಗಂಟೆಗೆ, ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ, ನೆಟ್ಟಗೆ ಓಡಾಡುತ್ತಿದ್ದ ಹೆಂಗಸು ಚಾಪೆ ಹಾಸಿಕೊಂಡು ಮಲಗಿದರೆ ಅದಕ್ಕೆ ನಮ್ಮಲ್ಲಿ ಒಂದೇ ಹೆಸರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನ್ನ ಕಿವಿಗೇ ಕೇಳುತ್ತಿತ್ತು. ಮೊದಲ ತಿಂಗಳು ಬಾಗಿಲು ಹಾಕಿಕೊಂಡು ಕದ್ದು ಮಲಗಿದೆ. ಅತ್ತೆಯ ಹೆಜ್ಜೆ ಸದ್ದಾದರೆ ಎದ್ದು ಕೂರುತ್ತಿದ್ದೆ.

ಒಂದು ದಿನ ಅಂಗಳದಲ್ಲಿ ಅತ್ತೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ಎಪ್ಪತ್ತು ದಾಟಿದ ಜೀವ. ನಾನು ಪಕ್ಕದಲ್ಲಿ ಕೂತು ಸುಲಿಯಲು ಶುರು ಮಾಡಿದ್ದೆ, ಹತ್ತು ನಿಮಿಷಕ್ಕೆ ಜೇಬಿನಲ್ಲಿ ಗಂಟೆ ಹೊಡೆಯಿತು. ಏನೇ ಅದು ಎಂದು ಕೇಳಿದರು. ಹೇಳಿದೆ, ಎಲ್ಲವನ್ನೂ. ನಾಯಿಯ ಕಥೆ, ಏಳು ನಿಮಿಷದ ಕಥೆ, ಕದ್ದು ಮಲಗುವ ಕಥೆ. ಅವರು ಕೈಯ ಅಡಿಕೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇದಕ್ಕೆಂತ ಡಾಕ್ಟ್ರು ಬೇಕಿತ್ತು ಮಾರಾಯ್ತಿ,” ಎಂದರು. “ನಟ್ಟಿಗೆ ಬರ್ತಿದ್ದ ಹೆಂಗಸರು ಸೊಂಟ ನೋಯೋ ತನಕ ಕಾಯ್ತಿದ್ರು ಅಂದ್ಕೊಂಡ್ಯಾ? ಎಲೆ ಅಡಿಕೆ ಹೊತ್ತು ಅಂದ್ರೆ ಎಲೆ ಅಡಿಕೆ ಹೊತ್ತು. ಸಾಲು ಅರ್ಧಕ್ಕೆ ನಿಂತಿದ್ರೂ ಎದ್ದು ಗದ್ದೆ ಅಂಚಿನ ಮೇಲೆ ಕೂರೋರು. ಯಜಮಾನ್ರೂ ಮಾತಾಡ್ತಿರ್ಲಿಲ್ಲ. ಬಾಯಲ್ಲಿ ಎಲೆ ಕೆಂಪಾದ ಮೇಲೆ ಯಾರೂ ಕರೀದೆ ಅವರೇ ಇಳಿಯೋರು. ಹಂಗಾಗೇ ಸಂಜೆ ತನಕ ಬಗ್ಗಿ ನಡೋಕಾಗ್ತಿತ್ತು.” ಆಮೇಲೆ ಮತ್ತೆ ಅಡಿಕೆ ಕೈಗೆತ್ತಿಕೊಂಡು, ನನ್ನ ಮುಖ ನೋಡದೆ ಹೇಳಿದರು: “ಮನೆ ಒಳಗಿನ ಹೆಂಗಸಿಗೆ ಎಲೆ ಅಡಿಕೆ ಹೊತ್ತು ಅಂತ ಯಾರೂ ಇಟ್ಟಿರ್ಲಿಲ್ಲ. ನಂಗೂ ಇರ್ಲಿಲ್ಲ.”

ಅದಾದ ಮೇಲೆ ನಾನು ಬಾಗಿಲು ತೆರೆದಿಟ್ಟೇ ಮಲಗಿದೆ.

ಎಲ್ಲವೂ ಸಲೀಸಾಗಿ ಏರುತ್ತ ಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. 2022ರ ಏಪ್ರಿಲ್ ಹೊತ್ತಿಗೆ ಇಪ್ಪತ್ತು ನಿಮಿಷ ನಡೆಯುತ್ತಿದ್ದೆ. ತಿಂಗಳ ಕೊನೆಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದೇ ನಾಲ್ಕು ಗಂಟೆ, ಅಲ್ಲಿ ಬೆಂಚಿನ ಮೇಲೆ ಬಗ್ಗಿ ಕೂತು ಉತ್ತರಪತ್ರಿಕೆ ನೋಡುವುದು. ಮೊದಲೆರಡು ದಿನ ಗಂಟೆ ಇಟ್ಟುಕೊಂಡು ಎದ್ದು ಓಡಾಡಿದೆ. ಮೂರನೇ ದಿನ ಉಳಿದವರ ಕಟ್ಟು ಮುಗಿಯುತ್ತಿದೆ, ನನ್ನದು ಉಳಿದಿದೆ ಎಂಬ ಅವಸರಕ್ಕೆ ಟೈಮರ್ ಆಫ್ ಮಾಡಿದೆ. ಒಂದು ವಾರದ ಕೆಲಸ ಮುಗಿಸಿ ಬಂದವಳು ಮೇ ತಿಂಗಳ ಮೊದಲ ಹತ್ತು ದಿನ ಕುತ್ತಿಗೆ ತಿರುಗಿಸಲಾಗದೆ ಕಳೆದೆ. ಆಗ ನನ್ನನ್ನು ಉಳಿಸಿದ್ದು ಒಂದು ಚೀಟಿ. ನೋವು ಹೆಚ್ಚಾದ ದಿನ ತಲೆ ಓಡುವುದಿಲ್ಲ, ಆದ್ದರಿಂದ ಚೆನ್ನಾಗಿದ್ದಾಗಲೇ ಬರೆದಿಡಿ ಎಂದು ಫಿಸಿಯೋಥೆರಪಿಸ್ಟ್ ಬರೆಸಿದ್ದಳು. ಅಡುಗೆಮನೆಯ ಡಬ್ಬಿಗಳ ಹಿಂದೆ ಅಂಟಿಸಿದ್ದ ಆ ಚೀಟಿಯಲ್ಲಿ ಮೊದಲ ಸಾಲು “ಅರ್ಧ ಮಾಡು, ಸೊನ್ನೆ ಮಾಡಬೇಡ”. ಇಪ್ಪತ್ತು ನಿಮಿಷದ ನಡಿಗೆ ಹತ್ತಕ್ಕೆ ಇಳಿಯಿತು, ಅದೂ ಕೆರೆಯ ಬಳಿ ಅಲ್ಲ, ಜಗಲಿಯಲ್ಲೇ ಐದೈದು ನಿಮಿಷ ಎರಡು ಸಲ. ಬಿಸಿನೀರಿನ ಚೀಲ, ಗಂಜಿ ಚಟ್ನಿ, ರಾತ್ರಿ ಹತ್ತಕ್ಕೆ ದೀಪ ಆರಿಸುವುದು. ವೈದ್ಯರನ್ನು ಕೇಳದೆ ಮಾತ್ರೆ ಹೆಚ್ಚಿಸಬಾರದು ಎಂದೂ ಅದರಲ್ಲಿತ್ತು. 2020ರಲ್ಲಿ ಇಂಥದ್ದೇ ನೋವಿಗೆ ನಾನು ಮೂರು ತಿಂಗಳು ಬಿದ್ದಿದ್ದೆ. ಈ ಸಲ ಜೂನ್ ಹೊತ್ತಿಗೆ ಹನ್ನೆರಡು ನಿಮಿಷ ನಡೆಯುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಈ ಲೆಕ್ಕವನ್ನು ಎಲ್ಲ ನೋವಿಗೂ ಹಚ್ಚಬೇಡಿ. ಕೀಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ, ಜ್ವರ, ತೂಕ ಇಳಿಯುವುದು, ಕಾಲು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಬೇಕು, ಟೈಮರಿನ ಹತ್ತಿರ ಅಲ್ಲ. ಇನ್ನು ಎಂಇ ಅಥವಾ ಸಿಎಫ್‌ಎಸ್ ಎಂಬ, ಕಿಂಚಿತ್ ಶ್ರಮಕ್ಕೂ ದಿನಗಟ್ಟಲೆ ಕುಸಿದುಬಿಡುವ ಕಾಯಿಲೆ ಇದೆ. ಹೊರಗಿನಿಂದ ನೋಡಿದರೆ ನಮ್ಮದರ ಹಾಗೇ ಕಾಣುತ್ತದೆ. ಅದರಲ್ಲಿ ಹೀಗೆ ವಾರವಾರ ನಿಮಿಷ ಏರಿಸುತ್ತ ಹೋಗುವ ವ್ಯಾಯಾಮವನ್ನು ಕೊಡಬಾರದೆಂದು ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ತನ್ನ ಹಳೆಯ ಸಲಹೆಯನ್ನೇ ಬದಲಾಯಿಸಿತು. ಅವರಿಗೆ ಇರುವ ಶಕ್ತಿಯ ಒಳಗೇ ಇರುವುದು ಮುಖ್ಯ. ನನ್ನ ಏರಿಕೆ ನನ್ನ ಮೈ ಕೊಟ್ಟ ಏರಿಕೆ, ಅದೂ ಪರೀಕ್ಷಿಸಿ ಹೇಳಿದವರ ಕಣ್ಣಳತೆಯಲ್ಲಿ.

ಮಳೆಗಾಲ ಕಳೆಯಿತು. ನಮ್ಮ ಕಡೆಯ ಮಳೆಯಲ್ಲಿ ಹೊರಗೆ ನಡೆಯುವ ಮಾತೇ ಇಲ್ಲ, ಶಾಲೆಯ ಉದ್ದದ ಕಾರಿಡಾರಿನಲ್ಲಿ ಮಕ್ಕಳು ಹೋದ ಮೇಲೆ ನಡೆದೆ. 2023ರ ಜನವರಿಗೆ ಇಪ್ಪತ್ತೈದು ನಿಮಿಷ. ನೋವು ಹೋಗಿತ್ತೇ? ಇಲ್ಲ. ಹತ್ತಕ್ಕೆ ಏಳೆಂಟು ಇದ್ದದ್ದು ನಾಲ್ಕೈದರಲ್ಲಿ ಓಡಾಡುತ್ತಿತ್ತು. ಆದರೆ ವಾರದ ದಿನಗಳು ಒಂದರ ಹಾಗೆ ಒಂದು ಇರತೊಡಗಿದವು. ಬುಧವಾರ ಬರುತ್ತೇನೆ ಎಂದು ಯಾರಿಗಾದರೂ ಹೇಳಿದರೆ ಬುಧವಾರ ಹೋಗುತ್ತಿದ್ದೆ. ಮಾತು ಕೊಡುವ ಧೈರ್ಯ ಮರಳಿ ಬಂದದ್ದು ನನಗೆ ನೋವು ಇಳಿದದ್ದಕ್ಕಿಂತ ದೊಡ್ಡದಾಗಿ ಕಂಡಿತು.

ಫೆಬ್ರವರಿಯಲ್ಲಿ ಮತ್ತೆ ಜಾತ್ರೆ. ಈ ಸಲ ಹನ್ನೊಂದು ಜನ ನೆಂಟರು. ಸಿದ್ಧತೆ ಜನವರಿಯ ಮೂರನೇ ವಾರದಲ್ಲೇ ಶುರು. ದಿನಕ್ಕೆ ಒಂದೇ ಮೂಲೆ ಗುಡಿಸಿದ್ದು, ದಿನಕ್ಕೆ ಎರಡೇ ಹೊದಿಕೆ ಒಗೆದದ್ದು. ಅಟ್ಟವನ್ನು ಹಾಗೇ ಬಿಟ್ಟೆವು, ಅಟ್ಟ ನೋಡಲು ಯಾರೂ ಬರುವುದಿಲ್ಲ. ಚಕ್ಕುಲಿ ಅಂಗಡಿಯಿಂದ ಬಂತು. ಹೋಳಿಗೆ ಮಾತ್ರ ಮನೆಯಲ್ಲೇ ಆಗಬೇಕು ಎಂಬುದು ನನ್ನ ಹಠ. ಹೂರಣ ಹಿಂದಿನ ದಿನ ಅತ್ತೆ ರುಬ್ಬಿಟ್ಟರು, ನಾನು ತಟ್ಟಿದೆ, ನಾದಿನಿ ಬೇಯಿಸಿದಳು, ಹನ್ನೆರಡು ಹೋಳಿಗೆಗೊಮ್ಮೆ ನಾವಿಬ್ಬರೂ ಕೆಲಸ ಅದಲುಬದಲು ಮಾಡಿಕೊಂಡೆವು. ದೇವಿಯ ದರ್ಶನಕ್ಕೆ ರಾತ್ರಿಯ ನೂಕುನುಗ್ಗಲು ಬಿಟ್ಟು ಬೆಳಗಿನ ಜಾವ ಹೋದೆ. ಮಡಚುವ ಸ್ಟೂಲೊಂದನ್ನು ನಮ್ಮ ಮನೆಯವರು ಹೆಗಲಿಗೆ ಹಾಕಿಕೊಂಡು ಬಂದರು. ಸಾಲಿನಲ್ಲಿ ಎಂಟು ನಿಮಿಷ ನಿಂತು, ಮೂರು ನಿಮಿಷ ಕೂತು, ಹೀಗೇ ಮುಂದೆ ಮುಂದೆ ಹೋಗಿ ಅಮ್ಮನ ಮುಖವನ್ನು ಕಣ್ತುಂಬ ನೋಡಿದೆ. ಹಿಂದಿನ ಸಲ ಆ ಕೆಂಪು ಮುಖವನ್ನು ಇಷ್ಟು ಹತ್ತಿರದಿಂದ ನೋಡಲಾಗಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಮನೆ ತುಂಬ ಜನ. ಹನ್ನೊಂದು ಗಂಟೆಗೆ ಟೈಮರ್ ಹೊಡೆಯಿತು. ಕೈ ತೊಳೆದು ಒಳಕೋಣೆಗೆ ಹೋಗಿ ಚಾಪೆ ಹಾಸಿದೆ, ಮಂಡಿಯ ಕೆಳಗೆ ದಿಂಬಿಟ್ಟೆ. ಹಲ್ಲು ಸಡಿಲಿಸಿದೆ. ಹೊರಗೆ ಪಾತ್ರೆಗಳ ಸದ್ದು, ಮಕ್ಕಳ ಪೀಪಿ. ಹುಬ್ಬಳ್ಳಿಯಿಂದ ಬಂದಿದ್ದ ಚಿಕ್ಕತ್ತೆ ಬಾಗಿಲಲ್ಲಿ ಇಣುಕಿದ್ದು ಗೊತ್ತಾಯಿತು. “ಯಾಕ, ಜ್ವರ ಏನು?” ಎಂದು ಕೇಳಿದರು. ನಾನು ಎದ್ದು ಕೂರಬೇಕೆನ್ನುವಷ್ಟರಲ್ಲಿ ಅತ್ತೆಯ ಧ್ವನಿ ಪಡಸಾಲೆಯಿಂದ ಬಂತು.

“ಜ್ವರ ಅಲ್ಲ. ಅವಳ ಎಲೆ ಅಡಿಕೆ ಹೊತ್ತು. ಇಪ್ಪತ್ತು ನಿಮಿಷಕ್ಕೆ ಬರ್ತಾಳೆ. ನೀನು ಬಾ, ಇಲ್ಲಿ ಕೂತ್ಕೋ.”

ಜಾತ್ರೆ ಮುಗಿದು ನೆಂಟರನ್ನೆಲ್ಲ ಬಸ್ಸು ಹತ್ತಿಸಿ ಬಂದ ಮರುದಿನದ ಹಾಳೆ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: “ನಡಿಗೆ 15 ನಿಮಿಷ, ಕೆರೆ ದಂಡೆ. ನೋವು 5. ನಿದ್ದೆ ಪರವಾಗಿಲ್ಲ. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದೆ. ಎರಡನೇ ಪೀರಿಯಡ್ ಹತ್ತನೇ ಕ್ಲಾಸಿಗೆ ಅಲಂಕಾರಗಳು.”